ಅಡಿಕೆ ಕೋಣೆಯ ಸಂದುಗೊಂದು: ಮಾಡೆಲ್‌ಗೆ ಗಾಳಿ ಸೋರಿಕೆ ಎಷ್ಟು ಅಂತ ಕೊಡೋದು?

ಜಗುಲಿಕಟ್ಟೆ · ಜುಲೈ 9, ರಾತ್ರಿ 10:20

ತೀರ್ಥಹಳ್ಳಿಯಿಂದ ಒಳಗೆ, ತೋಟದ ನಡುವೆ ನಮ್ಮ ಮನೆ. ನಾನು ಸಿವಿಲ್ ಓದಿದವನು, ಹೊಟ್ಟೆಪಾಡಿಗೆ ಬೆಂಗಳೂರಿನ ಕಟ್ಟಡಗಳ ಎನರ್ಜಿ ಮಾಡೆಲ್ ಮಾಡ್ತೀನಿ. ಅಪ್ಪಯ್ಯ ರೇಟಿಗೆ ಕಾದು ಕೆಂಪಡಿಕೆ ಮನೇಲೇ ಇಟ್ಟಿದ್ದಾರೆ. ಹೋದ ವರ್ಷ ಪುಷ್ಯ ಮಳೆ ಮುಗಿಯೋದರೊಳಗೆ ಎಂಟು ಚೀಲಕ್ಕೆ ಬೂಷ್ಟು ಬಂತು. ಈ ಸಲ ಒಂದು ಕೋಣೆಗೆ ಡಿಹ್ಯುಮಿಡಿಫೈಯರ್ (ಗಾಳಿಯ ನೀರು ಹಿಂಡಿ ಬಕೆಟ್ಟಿಗೆ ಬಿಡೋ ಯಂತ್ರ) ತಂದಿಟ್ಟೆ.

ಕೋಣೆ 4 ಮೀಟರ್ ಉದ್ದ, ಮೂರೂವರೆ ಅಗಲ, 3 ಎತ್ತರ. ಅಂದ್ರೆ 42 ಘನ ಮೀಟರ್. ಜಂಬಿಟ್ಟಿಗೆ ಗೋಡೆ, ಒಳಗಡೆ ಗಾರೆ. ಮೇಲೆ ಹಲಗೆ ಮುಚ್ಚಿಗೆ, ಅದರ ಮೇಲೆ ಅಟ್ಟ, ಆಮೇಲೆ ಹಂಚು. ಪಡುವಣಕ್ಕೆ ಒಂದು ಕಿಟಕಿ, ಒಳಗಿನ ಓಣಿಗೆ ಒಂದು ಬಾಗಿಲು.

ತರೋ ಮುಂಚೆ ಕಾಂಟಾಮ್‌ನಲ್ಲಿ (ಕಟ್ಟಡದ ಗಾಳಿ ಹರಿವು ಲೆಕ್ಕ ಹಾಕೋ ಸಾಫ್ಟ್‌ವೇರ್) ಸಣ್ಣದೊಂದು ಮಾಡೆಲ್ ಹಾಕಿದ್ದೆ. ಸೋರಿಕೆಗೆ ಟೇಬಲ್ ನೋಡಿ, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಇದ್ದಾಗ ಗಂಟೆಗೆ 10 ಸಲ ಕೋಣೆ ಗಾಳಿ ಬದಲು ಅಂತ ಹಿಡಿದೆ. ಮಾಮೂಲಿ ದಿನದ ಲೆಕ್ಕಕ್ಕೆ ಎಲ್ಲರೂ ಮಾಡೋ ಹಾಗೆ 20ರಿಂದ ಭಾಗಿಸಿದೆ, 0.5 ಬಂತು. ಹೊರಗೆ 23 ಡಿಗ್ರಿ, ತೇವಾಂಶ ಶೇ. 95, ಒಳಗೆ 26 ಡಿಗ್ರಿ, ಶೇ. 60 ಬೇಕು. ಒಂದು ಘನ ಮೀಟರ್ ಗಾಳಿ ಒಳಗೆ ಬಂದರೆ ಹೆಚ್ಚುಕಮ್ಮಿ 5 ಗ್ರಾಂ ನೀರು ತೆಗೀಬೇಕು. ದಿನಕ್ಕೆ ಎರಡೂವರೆ ಲೀಟರ್ ಆಯ್ತು.

ಈಗ ಬಕೆಟ್ಟಿಗೆ ದಿನಕ್ಕೆ 8 ಲೀಟರ್ ಬೀಳ್ತಾ ಇದೆ, ತೇವಾಂಶದ ಮೀಟರ್ ಮಾತ್ರ ಶೇ. 75ರಿಂದ ಕೆಳಗಿಳಿಯಲ್ಲ. ಕರೆಂಟ್ ಬಿಲ್ ನೋಡಿ ಅಪ್ಪಯ್ಯ ಮಾತು ಬಿಟ್ಟಿದ್ದಾರೆ. ನಾನು ಕೊಟ್ಟ ಸೋರಿಕೆ ಅಂಕಿ ತಪ್ಪು ಅಂತ ಗೊತ್ತಾಗ್ತಿದೆ. ಸರಿಯಾದ್ದು ಕಂಡುಹಿಡಿಯೋದು ಹೆಂಗೆ?

ಅಡಿಕೆರಾಶಿ · ಜುಲೈ 9, ರಾತ್ರಿ 10:41

ತಮ್ಮಾ, ಕಂಪ್ಯೂಟರ್ ಮುಚ್ಚಿಡು, ಕೋಣೆ ಮುಚ್ಚು. ನಮ್ಮಜ್ಜ ಅಡಿಕೆನ ಅಡುಗೆ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು. ಒಂದು ಚೀಲಕ್ಕೂ ಬೂಷ್ಟು ಬಂದಿದ್ದು ನಾ ಕಾಣೆ. ಹೊಗೆ ಬಣ್ಣ ಕೂತಿದ್ದಕ್ಕೆ ಮಂಡಿಯವ ರೇಟು ಮುರೀತಿದ್ದ, ಅದೊಂದು ಬೇರೆ.

ಪಾಸ್ಕಲ್ ಮಾವ · ಜುಲೈ 9, ರಾತ್ರಿ 11:15

ರಾಶಿಯವರ ಅಜ್ಜ ಮಾಡಿದ್ದು ಸರಿಯೇ, ಆದರೆ ಅದು ಬೇರೆ ಉಪಾಯ. 23 ಡಿಗ್ರಿಯ ಶೇ. 95ರ ಗಾಳಿಯನ್ನೇ 30 ಡಿಗ್ರಿಗೆ ಕಾಸಿದರೆ ತೇವಾಂಶ ಶೇ. 63ಕ್ಕೆ ಇಳಿಯುತ್ತೆ, ನೀರು ಒಂದು ತೊಟ್ಟೂ ತೆಗೆಯದೆ. ಕಾಸುವವರಿಗೆ ಸಂದಿನ ಚಿಂತೆ ಕಮ್ಮಿ. ನೀರು ಹಿಂಡಿ ತೆಗೆಯೋಕೆ ಹೊರಟವರಿಗೆ ಸಂದೇ ಎಲ್ಲ.

ಜಗುಲಿಕಟ್ಟೆಯವರೇ, ನಿಮ್ಮ ಲೆಕ್ಕದಲ್ಲಿ ಎರಡು ಕಡೆ ಎಡವಿದ್ದೀರಿ.

ಮೊದಲನೇದು ಆ 20. ಅದು ಅಮೆರಿಕ, ಸ್ವೀಡನ್ ಕಡೆಯ ಮನೆಗಳಿಂದ ಬಂದ ಅಂದಾಜು. ಅಲ್ಲಿ ಚಳಿಗಾಲಕ್ಕೆ ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ, ಒಳಗೆ 20. ಆರು ಮೀಟರ್ ಎತ್ತರದ ಮನೇಲಿ ಬಿಸಿಗಾಳಿ ಮೇಲೇರುವ ಎಳೆತಕ್ಕೇ ಒಂಬತ್ತು ಪಾಸ್ಕಲ್ ಮೀರುತ್ತೆ. ನಿಮ್ಮ ಕೋಣೆಯಲ್ಲಿ ಒಳಗೂ ಹೊರಗೂ 3 ಡಿಗ್ರಿ ವ್ಯತ್ಯಾಸ, 3 ಮೀಟರ್ ಎತ್ತರ. ಬುಡದಿಂದ ತುದಿಗೆ 0.35 ಪಾಸ್ಕಲ್. ಅದರಲ್ಲೂ ಕೆಳಗಿನರ್ಧದಲ್ಲಿ ಗಾಳಿ ಒಳಗೆ, ಮೇಲಿನರ್ಧದಲ್ಲಿ ಹೊರಗೆ. ಒಂದೊಂದು ಸಂದಿಗೆ ಸಿಗೋದು ಸರಾಸರಿ 0.09.

ನಿಮ್ಮದೇ 10ನ್ನು ಇಟ್ಟುಕೊಂಡು ಲೆಕ್ಕ ಹಾಕಿ. ಹರಿವು ಅಂದರೆ ಸಿ ಗುಣಿಸು ಒತ್ತಡ, ಒತ್ತಡದ ಮೇಲೆ ಘಾತ 0.65. ಸಿ ಅಂದರೆ ಸಂದುಗಳೆಲ್ಲ ಸೇರಿ ಎಷ್ಟು ಸೋರುತ್ತವೆ ಅನ್ನೋ ಅಂಕಿ. 50 ಪಾಸ್ಕಲ್‌ಗೆ ಗಂಟೆಗೆ 420 ಘನ ಮೀಟರ್, ಆಗ ಸಿ 33. ಅರ್ಧ ಸಂದು ಒಳಗೆ ಬಿಡೋಕೆ, ಅರ್ಧ ಹೊರಗೆ ಹಾಕೋಕೆ. 0.09 ಪಾಸ್ಕಲ್‌ಗೆ ಬರೋದು ಗಂಟೆಗೆ ಮೂರೂವರೆ ಘನ ಮೀಟರ್. ಅಂದ್ರೆ 0.08 ಸಲ. ನಿಮ್ಮ 0.5ರ ಆರನೇ ಒಂದು ಪಾಲು!

ಎರಡನೇದು ಬೀಸುಗಾಳಿ. ಸೆಕೆಂಡಿಗೆ 3 ಮೀಟರ್ ಬೀಸಿ ಪಡುವಣ ಗೋಡೆಗೆ ಹೊಡೆದರೆ ಎದುರು ಗೋಡೆಗೂ ಹಿಂದಿನ ಗೋಡೆಗೂ ನಡುವೆ ನಾಲ್ಕೂಮುಕ್ಕಾಲು ಪಾಸ್ಕಲ್. ಅದೇ ಸಂದುಗಳಲ್ಲಿ ಗಂಟೆಗೆ 29 ಘನ ಮೀಟರ್, 0.69 ಸಲ. ಸಂದು ಬದಲಾಗಿಲ್ಲ, ಹರಿವು ಎಂಟು ಪಟ್ಟು. ನಿಮಗೆ ಬೇಕಾಗಿರೋದು ಒಂದು ಅಂಕಿ ಅಲ್ಲ. ಸಿ ಎಷ್ಟು, ಅದು ಎಲ್ಲೆಲ್ಲಿ ಇದೆ, ಇವೆರಡು.

ತುಂಗಾತೀರ · ಜುಲೈ 10, ಬೆಳಿಗ್ಗೆ 7:05

ಮಾವ ಹೇಳಿದ್ದಕ್ಕೆ ಒಂದು ಮಾತು. ಮಾಡೆಲ್‌ಗೆ ಹಾಕೋ ಹವಾಮಾನ ಫೈಲಿನ ಗಾಳಿವೇಗ ಬಯಲಲ್ಲಿ 10 ಮೀಟರ್ ಎತ್ತರದಲ್ಲಿ ಅಳೆದಿದ್ದು. ಸೋಗಾನೆ ವಿಮಾನ ನಿಲ್ದಾಣದ ಬಯಲಲ್ಲಿ ಬೀಸೋ ಗಾಳಿನೂ ಅಡಿಕೆ ತೋಟದ ಕಣಿವೆಯಲ್ಲಿರೋ ಮನೆ ಗೋಡೆಗೆ ತಾಗೋ ಗಾಳಿನೂ ಒಂದೇ ಅಲ್ಲ. ತಗ್ಗಿಸದೆ ಹಾಕಿದ್ರೆ, ಒತ್ತಡ ವೇಗದ ವರ್ಗಕ್ಕೆ ಸರಿಯಾಗಿ ಏರೋದರಿಂದ, ತಪ್ಪೂ ವರ್ಗದಲ್ಲೇ ಏರುತ್ತೆ. ಕಾಂಟಾಮ್‌ನಲ್ಲಿ ಇದಕ್ಕೊಂದು ಗುಣಕ ಇದೆ, ಬಹಳ ಜನ ಅದನ್ನ 1 ಅಂತಲೇ ಬಿಟ್ಟಿರ್ತಾರೆ.

ಜಗುಲಿಕಟ್ಟೆ · ಜುಲೈ 10, ಬೆಳಿಗ್ಗೆ 8:30

ನಾನೂ ಬಿಟ್ಟಿದ್ದೆ. 😐

ಆದ್ರೆ ಮಾವ, ನಿಮ್ಮ ಲೆಕ್ಕ ನನ್ನ ಅಂಕಿ ಜಾಸ್ತಿ ಆಯ್ತು ಅನ್ನುತ್ತೆ. ಬಕೆಟ್ಟು ಕಮ್ಮಿ ಆಯ್ತು ಅನ್ನುತ್ತೆ. ಯಾರನ್ನ ನಂಬೋದು?

ಪಾಸ್ಕಲ್ ಮಾವ · ಜುಲೈ 10, ಬೆಳಿಗ್ಗೆ 9:12

ಬಕೆಟ್ಟನ್ನ. 20 ತಪ್ಪು ಅಂದೆ. ಅದಕ್ಕಿಂತ ದೊಡ್ಡ ತಪ್ಪು ಆ 10 ಇರಬೇಕು. ನಿಮ್ಮ ಟೇಬಲ್ಲಿನ ಮನೆಗೆ ಹಲಗೆ ಮುಚ್ಚಿಗೆ ಇರಲಿಲ್ಲ. ಸೋರಿಕೆನ ಮಾಡೆಲ್‌ನಲ್ಲಿ ಎಲ್ಲಿ ಇಟ್ಟಿದ್ದೀರಿ?

ಜಗುಲಿಕಟ್ಟೆ · ಜುಲೈ 10, ಬೆಳಿಗ್ಗೆ 9:20

ನಾಲ್ಕು ಗೋಡೆಗೆ ಸಮ ಹಂಚಿ, ಒಂದೊಂದು ಗೋಡೆ ನಡುಮಧ್ಯ ಒಂದೊಂದು. ಎತ್ತರ ಒಂದೂವರೆ ಮೀಟರ್.

ಪಾಸ್ಕಲ್ ಮಾವ · ಜುಲೈ 10, ಬೆಳಿಗ್ಗೆ 9:26

ಅಯ್ಯೋ ಮಾರಾಯ. ಎಲ್ಲಾ ತೂತೂ ಒಂದೇ ಎತ್ತರದಲ್ಲಿ ಇದ್ದರೆ ಒಳಗೆ ಬೆಂಕಿ ಹಾಕಿದರೂ ಮಾಡೆಲ್‌ನಲ್ಲಿ ಬಿಸಿಗಾಳಿ ಮೇಲೇರಿ ಹೋಗೋಕೆ ದಾರಿಯೇ ಇಲ್ಲ. ಹೊರಗೂ ಒಳಗೂ ಒತ್ತಡ ಅದೇ ಎತ್ತರದಲ್ಲಿ ಸಮ ಆಗಿಬಿಡುತ್ತೆ, ಹರಿವು ಸೊನ್ನೆ. ಕೊನೇ ಪಕ್ಷ ಬುಡ ಒಂದು, ತುದಿ ಒಂದು. ಮುಚ್ಚಿಗೆ ಬೇರೆಯೇ ಒಂದು ದಾರಿ, ಅದರ ಮೇಲೆ ಅಟ್ಟ ಇನ್ನೊಂದು ವಲಯ.

ಇನ್ನೊಂದು ಕೇಳ್ತೀನಿ, ತಪ್ಪು ತಿಳೀಬೇಡಿ. ಟೇಬಲ್ಲಿಂದ ಸೋರಿಕೆ ವಿಸ್ತೀರ್ಣ ಎತ್ತಿಕೊಂಡಾಗ ಅದು ಯಾವ ಒತ್ತಡದ್ದು ಅಂತ ನೋಡಿದ್ರಾ? ನಿಮ್ಮದೇ 420ನ್ನ 4 ಪಾಸ್ಕಲ್ಲಿಗೆ ಇಳಿಸಿ, ಡಿಸ್ಚಾರ್ಜ್ ಗುಣಕ (ತೂತಿನಲ್ಲಿ ಗಾಳಿ ಎಷ್ಟು ಸಲೀಸಾಗಿ ಹೋಗುತ್ತೆ ಅನ್ನೋ ಅಂಕಿ) 1 ಅಂತ ಹಿಡಿದರೆ 87 ಚದರ ಸೆಂಟಿಮೀಟರ್ ಬರುತ್ತೆ. ಬೆರಳು ಬಿಟ್ಟು ಅಂಗೈಯಷ್ಟು. ಕೆನಡಾದವರ ರೂಢಿಯಲ್ಲಿ 10 ಪಾಸ್ಕಲ್, ಗುಣಕ 0.611. ಅದೇ ಕೋಣೆಗೆ 164. ಒಂದರ ವಿಸ್ತೀರ್ಣ ತಗೊಂಡು ಇನ್ನೊಂದರ ಗುಣಕದ ಜೊತೆ ಮಾಡೆಲ್‌ಗೆ ಹಾಕಿದವರನ್ನ ಬಹಳ ನೋಡಿದ್ದೀನಿ. ರಿಪೋರ್ಟಲ್ಲಿ ಯಾರಿಗೂ ಗೊತ್ತಾಗಲ್ಲ, ಅದೇ ಕಷ್ಟ.

ಹಂಚಿನಮನೆ · ಜುಲೈ 10, ಮಧ್ಯಾಹ್ನ 1:50

ನಾನು ಸಾಗರದ ಕಡೆ ಹಳೇ ಮನೆ ರಿಪೇರಿ ಕಾಂಟ್ರಾಕ್ಟ್ ಮಾಡೋನು. ನಿಮ್ಮ ಘಾತ ಗೀತ ನಂಗೆ ತಿಳಿಯಲ್ಲ. ಆದ್ರೆ ಹಲಗೆ ಮುಚ್ಚಿಗೆ ಗೊತ್ತು. ಬೇಸಿಗೇಲಿ ಹಲಗೆ ಒಣಗಿ ಸಂದು ಬಿಡತ್ತೆ, ಒಂದು ರೂಪಾಯಿ ನಾಣ್ಯ ನೆಟ್ಟಗೆ ಹೋಗ್ತದೆ. ಗೋಡೆ ಮುಚ್ಚಿಗೆ ಕೂಡೋ ಅಂಚಲ್ಲಂತೂ ಇಲಿ ಓಡಾಡ್ತವೆ. ದಾರಂದಕ್ಕೂ ಗೋಡೆಗೂ ನಡುವೆ ಗಾರೆ ಬಿಟ್ಟಿರತ್ತೆ. ಊದುಬತ್ತಿ ಹಚ್ಚಿ ಅಂಚಲ್ಲಿ ಹಿಡಿದು ನೋಡಿ, ಹೊಗೆ ಎಲ್ಲಿ ಎಳೀತದೆ ಅಂತ.

ಜಂಬಿಟ್ಟಿಗೆ ಗೋಡೆನೂ ಮರೀಬೇಡಿ. ಪಡುವಣ ಗೋಡೆ ಜೂನಿಂದ ನೆನೆದಿರತ್ತೆ. ನೀರು ಗಾಳೀಲೇ ಬರಬೇಕು ಅಂತೇನಿಲ್ಲ.

ತುಂಗಾತೀರ · ಜುಲೈ 10, ಸಂಜೆ 6:40

ಬ್ಲೋವರ್ ಡೋರ್ (ಬಾಗಿಲಿಗೆ ಫ್ಯಾನ್ ಕೂರಿಸಿ ಸೋರಿಕೆ ಅಳೆಯೋ ಯಂತ್ರ) ಬಾಡಿಗೆಗೆ ಹುಡುಕ್ತಾ ಕೂರೋದು ಬೇಡ. ಮನೇಲೇ ಮಾಡಬಹುದು. ಎಂಟಿಂಚಿನ ಎಕ್ಸಾಸ್ಟ್ ಫ್ಯಾನ್, ಅದಕ್ಕೆ ಎಂಟಿಂಚಿನ ಪಿವಿಸಿ ಪೈಪ್ ಒಂದೂವರೆ ಮೀಟರ್. ಬಾಗಿಲ ಅಳತೆಗೆ ಪ್ಲೈವುಡ್ ಕತ್ತರಿಸಿ ಫ್ಯಾನ್ ಕೂರಿಸಿ, ಸುತ್ತ ಟೇಪ್. ಪೈಪಿನ ಒಳಗೆ ಸಣ್ಣ ಗಾಳಿಮಾಪಕ ಇಟ್ಟು ಐದಾರು ಕಡೆ ವೇಗ ನೋಡಿ, ಸರಾಸರಿ ತೆಗೆದು ವಿಸ್ತೀರ್ಣದಿಂದ ಗುಣಿಸಿ.

ಒತ್ತಡಕ್ಕೆ ಪಾರದರ್ಶಕ ನಳಿಕೆಯಲ್ಲಿ ಬಣ್ಣದ ನೀರು. 50 ಪಾಸ್ಕಲ್ ಅಂದರೆ ನೀರಿನ ಮಟ್ಟದಲ್ಲಿ 5 ಮಿಲಿಮೀಟರ್, ಅಷ್ಟೇ. ನೆಟ್ಟಗೆ ಹಿಡಿದರೆ ಸರಿಯಾಗಿ ಓದೋಕೆ ಆಗಲ್ಲ. ಹತ್ತಕ್ಕೆ ಒಂದರ ಓಟದಲ್ಲಿ ಓರೆಯಾಗಿ ಹಲಗೆಗೆ ಅಂಟಿಸಿದರೆ ಅದೇ 5 ಮಿ.ಮೀ. ಐದು ಸೆಂಟಿಮೀಟರ್ ಆಗಿ ಕಾಣುತ್ತೆ. ನಮ್ಮ ಹುಡುಗರ ಹತ್ತಿರ ಲ್ಯಾಬ್‌ನಲ್ಲಿ ಮಾಡಿಸ್ತೀನಿ.

ಗಾಳಿ ಬೀಸದ ಹೊತ್ತು ನೋಡಿ ಮಾಡಿ. ಮುಖ್ಯವಾಗಿ, ಬಚ್ಚಲೊಲೆಯಲ್ಲಿ ಕೆಂಡ ಇರುವಾಗ ಬೇಡ. ಒಳಗಿನ ಗಾಳಿ ಎಳೆದರೆ ಒಲೆ ಹೊಗೆ ತಿರುಗಿ ಮನೆಯೊಳಗೆ ಬರುತ್ತೆ.

ಜಗುಲಿಕಟ್ಟೆ · ಜುಲೈ 19, ರಾತ್ರಿ 9:05

ಮಾಡಿದೆ. ತಡ ಆಯ್ತು, ಮೂರು ದಿನ ಕರೆಂಟ್ ಇರಲಿಲ್ಲ.

ಮೊದಲ ಸಲ ಫ್ಯಾನ್ ಫುಲ್ ಇಟ್ಟರೂ ನೀರು ಮಟ್ಟ ಅಲುಗಿದ್ದು ಅಷ್ಟಕ್ಕಷ್ಟೆ, 3 ಪಾಸ್ಕಲ್. ಪೈಪಲ್ಲಿ ಗಾಳಿ ಸೆಕೆಂಡಿಗೆ 2.1 ಮೀಟರ್, ಗಂಟೆಗೆ 240 ಘನ ಮೀಟರ್. ಊದುಬತ್ತಿ ಹಿಡಿದೆ. ಮುಚ್ಚಿಗೆ ಅಂಚಲ್ಲಿ ಹಲಗೆ ಸಂದಿಂದ ಗಾಳಿ ಬಂದು ಹೊಗೆನ ಚಾವಟಿ ಹೊಡೆದ ಹಾಗೆ ಕೆಳಗೆ ತಳ್ತಾ ಇತ್ತು. ಅಟ್ಟದ ಧೂಳೆಲ್ಲ ಅಡಿಕೆ ಚೀಲದ ಮೇಲೆ. ಅಮ್ಮ ಬಂದು ನೋಡಿ ಏನೂ ಹೇಳದೆ ಹೋದರು.

ಮಾರನೇ ದಿನ ಹಲಗೆ ಕೆಳಗೆ ಪೂರ್ತಿ ದಪ್ಪ ಪ್ಲಾಸ್ಟಿಕ್ ಶೀಟ್ ಹೊಡೆದು, ಅಂಚಿಗೆ ರೀಪು ಕೊಟ್ಟು ಬಿಗಿ ಮಾಡಿದೆ. ಅದೇ ಫ್ಯಾನ್‌ಗೆ ಈಗ 12 ಪಾಸ್ಕಲ್, ಹರಿವು ಗಂಟೆಗೆ 165.

ಮಾವ ಹೇಳಿಕೊಟ್ಟ ಹಾಗೆ ಲೆಕ್ಕ: ಮೊದಲು ಸಿ 117, ಈಗ 33. ನೂರರಲ್ಲಿ ಎಪ್ಪತ್ತೆರಡು ಪಾಲು ಸೋರಿಕೆ ಮುಚ್ಚಿಗೆಯೊಂದರಲ್ಲೇ ಇತ್ತು. ಮೊದಲಿನದು 50ಕ್ಕೆ ಏರಿಸಿದರೆ ಗಂಟೆಗೆ 35 ಸಲ! ನಾನು ಹಾಕಿದ್ದು 10. ಆ 10 ಈಗ ಪ್ಲಾಸ್ಟಿಕ್ ಹೊಡೆದ ಮೇಲೆ ಬಂದಿದೆ.

ಪಾಸ್ಕಲ್ ಮಾವ · ಜುಲೈ 19, ರಾತ್ರಿ 9:48

ಶಭಾಷ್. ಒಂದೊಂದನ್ನೇ ಮುಚ್ಚಿ ಅಳೆದು ಕಳೆಯೋದು, ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಕಿಟಕಿಗೂ ಹೀಗೇ ಟೇಪ್ ಹಚ್ಚಿ ಒಂದು ಸಲ ನೋಡಿ, ಮಾಡೆಲ್‌ನಲ್ಲಿ ಪಡುವಣ ಗೋಡೆಗೆ ಎಷ್ಟು ಕೊಡಬೇಕು ಅಂತ ಗೊತ್ತಾಗುತ್ತೆ. ಬೀಸುಗಾಳಿಗೆ ಮುಖ ಕೊಡೋದು ಅದೇ.

ಒಂದು ಎಚ್ಚರಿಕೆ. 0.65 ನೀವು ಅಳೆದಿದ್ದಲ್ಲ, ನಾನು ಹೇಳಿದ್ದು. 12 ಪಾಸ್ಕಲ್‌ನಿಂದ 0.1ಕ್ಕೆ ಇಳಿಸುವಾಗ ಘಾತ 0.5 ಇದ್ದಿದ್ದರೆ ಉತ್ತರ ಎರಡು ಪಟ್ಟು ಬರ್ತಿತ್ತು. ಫ್ಯಾನ್‌ಗೆ ರೆಗ್ಯುಲೇಟರ್ ಹಾಕಿ 12, 9, 6, 4 ಹೀಗೆ ನಾಲ್ಕೈದು ಒತ್ತಡದಲ್ಲಿ ಅಳೆದು ಲಾಗ್ ಹಾಳೆ ಮೇಲೆ ಗೆರೆ ಎಳೆಯಿರಿ. ಗೆರೆಯ ಓಟವೇ ಘಾತ. ದೊಡ್ಡ ತೂತಾದರೆ 0.5ರ ಕಡೆ, ಕೂದಲೆಳೆ ಬಿರುಕಾದರೆ 1ರ ಕಡೆ.

ಅಡಿಕೆರಾಶಿ · ಜುಲೈ 20, ಬೆಳಿಗ್ಗೆ 6:30

ಅಷ್ಟೆಲ್ಲ ಬಿಗಿ ಮಾಡಿ ಆತು, ಸರಿ. ನಿಮ್ಮಪ್ಪಯ್ಯ ಹೊಳವಾದ ಕೂಡಲೇ ಕಿಟಕಿ ತೆಗೀತಾರೋ ಇಲ್ಲವೋ?

ಜಗುಲಿಕಟ್ಟೆ · ಜುಲೈ 20, ಬೆಳಿಗ್ಗೆ 8:10

ತೆಗೀತಾರೆ. ನಾನು ನಿಲ್ಲಿಸೋಕೆ ಆಗಿಲ್ಲ. "ಬಿಸಿಲು ಕಂಡಾಗ ಗಾಳಿಯಾಡಬೇಡ್ವಾ" ಅಂತಾರೆ.

ತುಂಗಾತೀರ · ಜುಲೈ 20, ಬೆಳಿಗ್ಗೆ 8:25

ಹೊಳವಾದಾಗ ಹೊರಗೆ 25 ಡಿಗ್ರಿ, ತೇವಾಂಶ ಶೇ. 85 ಅಂತ ಇಟ್ಟುಕೊಳ್ಳಿ. ಮೀಟರ್ ಇಳಿದ ಹಾಗೆ ಕಾಣುತ್ತೆ. ಆದ್ರೆ ಘನ ಮೀಟರ್ ಗಾಳಿಯಲ್ಲಿ ನೀರು ಆಗಲೂ ಹತ್ತೊಂಬತ್ತೂವರೆ ಗ್ರಾಂ ಹತ್ತಿರವೇ, ಜಡಿಮಳೆ ಹೊತ್ತಲ್ಲಿ ಇದ್ದಷ್ಟೇ. ಬಿಸಿಲು ಗಾಳಿನ ಕಾಸಿದೆ, ಒಣಗಿಸಿಲ್ಲ. ಎರಡು ಮೂರು ಅಂಗೈಯಷ್ಟು ಸಂದು ಮುಚ್ಚೋಕೆ ಹತ್ತು ದಿನ ಒದ್ದಾಡಿ ಕಿಟಕಿ ಪೂರ್ತಿ ತೆಗೆದರೆ ಮಾಡೆಲ್‌ಗೆ ಅರ್ಥವಿಲ್ಲ. ಅಪ್ಪಯ್ಯನ ಕಿಟಕಿಗೂ ಮಾಡೆಲ್‌ನಲ್ಲಿ ಒಂದು ವೇಳಾಪಟ್ಟಿ ಹಾಕಿ.

ಹಂಚಿನಮನೆ · ಜುಲೈ 20, ಬೆಳಿಗ್ಗೆ 9:00

ಕಿಟಕಿಗೆ ಮೊಳೆ ಹೊಡೀರಿ. ವೇಳಾಪಟ್ಟಿ ಅಪ್ಪಯ್ಯ ಓದಲ್ಲ.

ಜಗುಲಿಕಟ್ಟೆ · ಜುಲೈ 28, ರಾತ್ರಿ 10:30

ಹೊಸ ಸುದ್ದಿ. ಮೊಳೆ ಹೊಡೆದಿಲ್ಲ, ಕಿಟಕಿಗೆ ಶೀಟ್ ಅಂಟಿಸಿ ಅಡಿಕೆ ಚೀಲ ಅಡ್ಡ ಇಟ್ಟೆ.

ಫ್ಯಾನ್ ಪರೀಕ್ಷೆ ಹೇಳಿದ್ದು ನಿಜವಾ ಅಂತ ನೋಡೋಕೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದು ಬೆಂಗಳೂರಿಂದ ತಂದಿದ್ದೆ. ನಾನು, ತಮ್ಮ, ಪಕ್ಕದ ಮನೆಯ ಇಬ್ಬರು ಕೋಣೆ ಮುಚ್ಚಿಕೊಂಡು ಇಸ್ಪೀಟು ಆಡಿದೆವು. ಮೀಟರ್ 1600 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಗೆ 1600) ದಾಟಿದ ಮೇಲೆ ಎದ್ದು ಬಂದು ಬಾಗಿಲು ಹಾಕಿದೆವು. ಒಳಗೆ ಸಣ್ಣ ಫ್ಯಾನ್ ತಿರುಗ್ತಾ ಇತ್ತು, ಗಾಳಿ ಬೆರೆಯಲಿ ಅಂತ. ಹೊರಗಿನದು 430.

ಗಾಳಿ ಇಲ್ಲದ ರಾತ್ರಿ: 1600ರಿಂದ 1250ಕ್ಕೆ ಇಳಿಯೋಕೆ ಮೂರು ತಾಸು. ಹೊರಗಿನದು ಕಳೆದು ಲಾಗ್ ತೆಗೆದರೆ ಗಂಟೆಗೆ 0.12 ಸಲ.
ಗಾಳಿ ಮಳೆ ಎರಡೂ ಇದ್ದ ಸಂಜೆ: 1600ರಿಂದ 1000ಕ್ಕೆ ಎರಡೇ ತಾಸು. 0.36.

ಮಾಡೆಲ್‌ನಲ್ಲಿ ಸಂದುಗಳನ್ನ ಬುಡಕ್ಕೂ ತುದಿಗೂ ಹಂಚಿ, ಗಾಳಿವೇಗ ತಗ್ಗಿಸಿ ಹಾಕಿದೆ. ಗಾಳಿ ಇಲ್ಲದಾಗ 0.08, ಸೆಕೆಂಡಿಗೆ 2 ಮೀಟರ್ ಗಾಳಿಗೆ 0.4. ಸುಮಾರು ಹತ್ತಿರ ಹತ್ತಿರ ಬಂತು.

ಇನ್ನು ಬಕೆಟ್ಟು: ದಿನಕ್ಕೆ 2.6 ಲೀಟರ್. ತೇವಾಂಶ ಶೇ. 60ರಲ್ಲಿ ನಿಂತಿದೆ. ಅಂದ್ರೆ ಮೊದಲು ನಾನು ಕೊಟ್ಟ ಎರಡೂವರೆ ಲೀಟರ್ ಸರಿಯೇ ಆಯ್ತು 😄

ಪಾಸ್ಕಲ್ ಮಾವ · ಜುಲೈ 28, ರಾತ್ರಿ 11:02

ಆಗಲಿಲ್ಲ. 😄

0.12ರಿಂದ 0.36 ಅಂದರೆ ಗಂಟೆಗೆ 5ರಿಂದ 15 ಘನ ಮೀಟರ್. ಗಾಳಿಯ ಜೊತೆ ಬರೋ ನೀರು ದಿನಕ್ಕೆ 0.6ರಿಂದ 1.8 ಲೀಟರ್. ಬಕೆಟ್ಟಲ್ಲಿ 2.6 ಇದೆ. ಮಿಕ್ಕಿದ್ದು ಎಲ್ಲಿಂದ? ಬಿಗಿ ಮಾಡಿದ ಈಗಿನ ಕೋಣೆಗೆ ಹೋಲಿಸಿದರೆ ನಿಮ್ಮ ಹಳೇ ಮಾಡೆಲ್ ಗಾಳಿನ ಜಾಸ್ತಿ ಹಿಡಿದಿತ್ತು, ಬೇರೆ ನೀರನ್ನ ಹಿಡಿದೇ ಇರಲಿಲ್ಲ. ಎರಡು ತಪ್ಪೂ ಎದುರುಬದುರು ಕೂತು ಉತ್ತರ ಕೂಡಿಬಂತು. ಇದನ್ನೇ ಸರಿ ಅಂದುಕೊಂಡು ಪಕ್ಕದ ಮನೆಗೆ ಮಾಡೆಲ್ ಮಾಡಿಕೊಟ್ಟರೆ ಅವರ ಅಡಿಕೆ ಹೋಗುತ್ತೆ.

ಅಡಿಕೆ ಚೀಲವೂ ಸ್ವಲ್ಪ ನೀರು ಬಿಡ್ತಿರಬಹುದು, ಮೊದಲು ಶೇ. 75ರಲ್ಲಿ ಇದ್ದಿದ್ದಲ್ವಾ. ಅದು ಎರಡು ಮೂರು ವಾರಕ್ಕೆ ಇಳಿಯಬೇಕು. ಇಳಿಯದಿದ್ದರೆ ಗೋಡೆ.

ಹಂಚಿನಮನೆ · ಜುಲೈ 29, ಬೆಳಿಗ್ಗೆ 7:40

ಅದನ್ನೇ ನಾನು ಆವತ್ತೇ ಹೇಳಿದ್ದು. ಪಡುವಣ ಗೋಡೆಗೆ ಒಳಗಿಂದ ಒಂದಡಿ ಚೌಕದ ಪ್ಲಾಸ್ಟಿಕ್, ನಾಲ್ಕೂ ಕಡೆ ಟೇಪ್. ಒಳಗಿನ ಗೋಡೆಗೂ ಒಂದು ಹಾಕಿ. ಎರಡು ದಿನ ಬಿಟ್ಟು ಹೇಳಿ.

ಜಗುಲಿಕಟ್ಟೆ · ಜುಲೈ 31, ಬೆಳಿಗ್ಗೆ 6:50

ಒಳಗಿನ ಗೋಡೆದು ಒಣ. ಪಡುವಣ ಗೋಡೆಯ ಶೀಟ್ ಹಿಂದೆ, ಗೋಡೆ ಕಡೆಗೆ, ಸಾಸಿವೆ ಗಾತ್ರದ ಹನಿ ತುಂಬಿಕೊಂಡಿದೆ. ಕೆಳಗಿನ ಟೇಪ್ ಹತ್ತಿರ ಹನಿ ಕೂಡಿ ಸಣ್ಣ ಧಾರೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ನೋಡಿದರು. ಆಮೇಲೆ ಹೊರಗಡೆ ಹೋಗಿ, ಆ ಗೋಡೆಗೆ ತಡಿಕೆ ಕಟ್ಟೋಕೆ ಸೋಗೆ ಎಷ್ಟು ಬೇಕು ಅಂತ ಮಾರು ಹಾಕಿ ಅಳೀತಾ ಇದ್ದಾರೆ.